ನಮ್ಮ ಮಾಳಿಗೆಗೆ ನಾನೇ ಹಾಕಿದ ಮಣ್ಣು

ಬಾಣಂತಿಯ ಕೋಣೆಯಲ್ಲಿ ಕೊಡೆ ಬಿಚ್ಚಿ ನಿಂತ ಗಂಡಸನ್ನು ನೀವು ಯಾರಾದರೂ ಕಂಡಿದ್ದೀರಾ?

ಕಂಡಿಲ್ಲವಾದರೆ ಹದಿನೈದು ದಿನದ ಹಿಂದೆ ಯಲಬುರ್ಗಿಗೆ ಬರಬೇಕಿತ್ತು. ಹೊರಗೆ ರೋಹಿಣಿ ಮಳೆ. ಒಳಗೂ ರೋಹಿಣಿ ಮಳೆ. ಹೊರಸಿನ ಮೇಲೆ ನನ್ನ ತಂಗಿ ಗೌರಿ, ಮೂರು ದಿನದ ಹಸಿ ಬಾಣಂತಿ. ಅವಳ ಮಗ್ಗುಲಲ್ಲಿ ಮೂರು ದಿನದ ಹೆಣ್ಣುಕೂಸು. ಇಬ್ಬರ ಮೇಲೂ ಕೊಡೆ ಹಿಡಿದು ನಿಂತ ಮಹಾಪುರುಷ ನಾನು. ಬಾಣಂತಿ ಕೋಣೆಗೆ ಗಂಡಸರು ಕಾಲಿಡುವುದು ನಮ್ಮ ಕಡೆಯ ಪದ್ಧತಿಯಲ್ಲ. ಆದರೆ ಆ ಕೋಣೆಯ ಮಾಳಿಗೆಯನ್ನು ಸ್ವಂತ ಕೈಯಿಂದ ರಿಪೇರಿ ಮಾಡಿದವನಿಗೆ ಅಷ್ಟಾದರೂ ಹಕ್ಕು ಬೇಡವೇ?

ಹೌದು, ನಾನೇ ಮಾಡಿದ್ದು. ಮತ್ತು ಓದುಗರೇ, ಇದರಲ್ಲಿ ನಿಮ್ಮ ತಪ್ಪೂ ಇದೆ.

ಎರಡು ತಿಂಗಳ ಹಿಂದೆ ಈ ಪತ್ರಿಕೆಯ ಇದೇ ಜಾಗದಲ್ಲಿ ನಾನು ಮನೆಗೆಲಸದ ಬಗ್ಗೆ ಬರೆದಿದ್ದೆ. ಕಂದೀಲಿನ ಗಾಜನ್ನು ಬೂದಿಯಿಂದ ತಿಕ್ಕುವುದು ಹೇಗೆ, ಜೋತುಬಿದ್ದ ಹೊರಸಿನ ಹಗ್ಗ ಬಿಗಿಯುವುದು ಹೇಗೆ, ಸುಣ್ಣ ಬಳಿದ ಗೋಡೆ ಅಂಗಿಗೆ ಹತ್ತದಂತೆ ಮಾಡುವುದು ಹೇಗೆ. ಯುದ್ಧದ ಕಾಲ, ತಗಡು ಸಿಗುವುದಿಲ್ಲ, ಮೊಳೆ ಸಿಗುವುದಿಲ್ಲ, ವಿದ್ಯಾವಂತನಾದವನು ತನ್ನ ಮನೆಯ ಕೆಲಸಕ್ಕೆ ಇನ್ನೊಬ್ಬರ ದಾರಿ ಕಾಯಬಾರದು ಎಂದು ಕೊನೆಯಲ್ಲಿ ಗುಡುಗಿದ್ದೆ. (ಕಂದೀಲು ತಿಕ್ಕಿದ್ದು, ಹಗ್ಗ ಬಿಗಿದದ್ದು, ಸುಣ್ಣ ಬಳಿದದ್ದು ನನ್ನ ಹೆಂಡತಿ ನೀಲವ್ವ. ಬರೆದದ್ದು ನಾನು. ಸಂಸಾರವೆಂದ ಮೇಲೆ ಕೆಲಸ ಹಂಚಿಕೊಳ್ಳಬೇಕಲ್ಲ.)

ನೀವು ಸುಮ್ಮನಿರಬಹುದಿತ್ತು. ಇರಲಿಲ್ಲ. ಮೆಚ್ಚಿ ಕಾಗದ ಬರೆದಿರಿ. ಕುಷ್ಟಗಿಯಿಂದ ಒಬ್ಬರು, ಊರಿಗೊಬ್ಬ ನಿಮ್ಮಂಥ ಮಾಸ್ತರ ಇದ್ದರೆ ದೇಶ ಉದ್ಧಾರವಾಗುತ್ತದೆ ಎಂದು ಬರೆದರು. ಆ ಕಾಗದವನ್ನು ನಾನು ಓಣಿಯವರಿಗೆಲ್ಲ ಓದಿ ಹೇಳಿದೆ. ಎರಡೆರಡು ಸಲ ಹೇಳಿದೆ. ಹೊಗಳಿಕೆ ತಲೆಗೇರಿದ ಮನುಷ್ಯ ಆಮೇಲೆ ಏಣಿ ಏರದೆ ಇರುತ್ತಾನೆಯೇ?

ನಮ್ಮದು ಎಲ್ಲರಂಥದೇ ಮಣ್ಣಿನ ಮಾಳಿಗೆ. ತೊಲೆ, ಅದರ ಮೇಲೆ ಜಂತಿ, ಜಂತಿಯ ಮೇಲೆ ಬೇವಿನ ಸೊಪ್ಪು, ಅದರ ಮೇಲೆ ಮಣ್ಣು. ಮಳೆಗಾಲಕ್ಕೆ ಮುಂಚೆ ಒಣಹುಲ್ಲು ಕಿತ್ತು, ಹೊಸ ಮಣ್ಣು ಹರವಿ, ನೀರು ಚಿಮುಕಿಸಿ ಬಡಿಯಬೇಕು. ನಮ್ಮ ಓಣಿಯ ಅಷ್ಟೂ ಮಾಳಿಗೆಗಳಿಗೆ ಈ ಕೆಲಸ ಮಾಡುವವಳು ಹುಲಿಗೆವ್ವ. ಆಕೆಯ ಗಂಡನೂ ಮಾವನೂ ಮಣ್ಣು ಕೆಲಸದವರೇ. ಈಗ ಅವರಿಬ್ಬರೂ ಇಲ್ಲ. ಓಣಿಯ ಕೊನೆಯ ಸಣ್ಣ ಮನೆಯಲ್ಲಿ ಆಕೆ ಮತ್ತು ಎರಡು ಆಡು. ಸುಗ್ಗಿ ಮುಗಿದ ಮೇಲೆ ಮನೆಮನೆಯವರು ಆಕೆಗೆ ಜೋಳ ಅಳೆದು ಕೊಡುತ್ತಾರೆ, ಅದರ ಮೇಲೆ ಆಕೆಯ ವರ್ಷ.

ಹುಲಿಗೆವ್ವ ನಮ್ಮ ಮಾಳಿಗೆ ಹತ್ತುವುದು ಹಿತ್ತಲಿನ ಏಣಿಯಿಂದ. ಆಕೆ ನಮ್ಮ ತಲೆಯ ಮೇಲೆ ನಡೆದಾಡಬಹುದು, ಪಡಸಾಲೆಗೆ ಬರುವಂತಿಲ್ಲ. ನಮ್ಮ ಅವ್ವನೂ ಆಕೆಯ ಹೊಸ್ತಿಲು ತುಳಿದವಳಲ್ಲ. ಯಾಕೆ ಎಂದು ಕೇಳಬೇಡಿ. ನಿಮ್ಮ ಅವ್ವನೂ ತುಳಿದಿರಲಿಕ್ಕಿಲ್ಲ.

ಗೌರಿಯನ್ನು ಬೇವೂರಿಗೆ ಕೊಟ್ಟಿದೆ. ಚೊಚ್ಚಲ ಹೆರಿಗೆ, ತವರಿಗೆ ಬಂದಿದ್ದಳು. ಬಾಣಂತಿಗೆಂದು ಹಿಂದಿನ ಕತ್ತಲೆ ಕೋಣೆ ಖಾಲಿ ಮಾಡಿಸಿದ್ದಾಯಿತು. ನೀಲವ್ವ ಮೇಲೆ ನೋಡಿ ಹೇಳಿದಳು.

"ಹುಲಿಗೆವ್ವಗ ಹೇಳಿ ಕಳಸ್ರಿ. ಈ ಕೋಣಿ ಮ್ಯಾಲಿಂದ ಮೊದ್ಲ ಆಗಿ ಹೋಗ್ಲಿ."

"ಯಾರೂ ಬ್ಯಾಡ. ನಾನ ಮಾಡ್ತೀನಿ," ಎಂದೆ.

ಅವಳು ನನ್ನ ಕೈ ನೋಡಿದಳು. ಹತ್ತು ವರ್ಷದಿಂದ ಸೀಮೆಸುಣ್ಣಕ್ಕಿಂತ ಭಾರವಾದದ್ದನ್ನು ಎತ್ತದ ಕೈಗಳು. "ಪೇಪರ್‌ನ್ಯಾಗ ಬರದದ್ದನ್ನ ಖರೇನ ಮಾಡಾಕ ಹೊಂಟೀರೇನು? ಬರಿಯೂದಷ್ಟ ಮಾಡ್ರಿ, ಅದರಾಗ ಯಾರ ತೆಲಿಮ್ಯಾಲೂ ಏನೂ ಬೀಳೂದಿಲ್ಲ."

ಹೆಂಗಸರಿಗೆ ಆದರ್ಶ ಅರ್ಥವಾಗುವುದಿಲ್ಲ ಎಂದು ನನ್ನನ್ನು ನಾನು ಸಮಾಧಾನ ಮಾಡಿಕೊಂಡೆ.

ಮರುದಿನ ಹುಲಿಗೆವ್ವ ತಾನೇ ಬಂದು ಅಂಗಳದಲ್ಲಿ ನಿಂತಳು. ಈ ವರ್ಷ ಬೇಡ ಎಂದೆ.

"ಯಾಕ್ರಿ ಮಾಸ್ತರ? ಹೋದ ವರ್ಷ ಎಲ್ಲೆರ ಸೋರಿತ್ತೇನು?"

"ಇಲ್ಲ."

"ಮತ್ತ?"

ಉತ್ತರ ಇಲ್ಲದಾಗ ಮಾಸ್ತರನಾದವನು ಏನು ಮಾಡುತ್ತಾನೆ? ಲೆಕ್ಚರ್ ಕೊಡುತ್ತಾನೆ. ಸ್ವಾವಲಂಬನೆಯ ಬಗ್ಗೆ ಕಾಲು ಗಂಟೆ ಮಾತಾಡಿದೆ. ಯಾರ ಸ್ವಾವಲಂಬನೆಯಿಂದ ಯಾರ ಜೋಳ ತಪ್ಪುತ್ತದೆ ಎಂಬ ವಿಷಯ ಆ ಲೆಕ್ಚರಿನಲ್ಲಿ ಬರಲಿಲ್ಲ. ಆಕೆ ಸೆರಗು ಹೊದ್ದು ಪೂರಾ ಕೇಳಿದಳು, ಆಗಲಿ ಎಂದಳು, ಹೊರಟವಳು ತಿರುಗಿ ನಿಂತಳು.

"ಮಣ್ಣು ಯಾವುದು ಹಾಕ್ತೀರಿ?"

ಮಣ್ಣಿನ ಬಗ್ಗೆ ನಾನು ಆಗಲೇ ಆಳವಾಗಿ ವಿಚಾರ ಮಾಡಿದ್ದೆ. ಹುಲಿಗೆವ್ವ ಹಾಕುವುದು ಹಳ್ಳದ ದಂಡೆಯ ಸವಳು ಮಣ್ಣು. ಬಿಳುಪು ಹಾಯ್ದ, ಉಪ್ಪುಪ್ಪಾದ, ಹುಲ್ಲುಕಡ್ಡಿಯೂ ಹುಟ್ಟದ ಮಣ್ಣು. ನಮ್ಮ ಸುತ್ತಮುತ್ತ ಚಿನ್ನದಂಥ ಕಪ್ಪು ಎರೆ ಇದೆ. ಎರೆ ಹೊಲ ಇದ್ದವನಿಗೆ ಹೆಣ್ಣು ಕೊಡಲು ಜನ ಸಾಲು ನಿಲ್ಲುತ್ತಾರೆ. ಸವಳು ಹೊಲ ಇದ್ದವನ ಕಡೆ ಯಾರೂ ಹೊರಳಿ ನೋಡುವುದಿಲ್ಲ. ಅಂದ ಮೇಲೆ ತಲೆಯ ಮೇಲೆ ಯಾವ ಮಣ್ಣು ಇರಬೇಕು? ಇನ್ನೂ ಒಂದು ಸೈನ್ಸ್ ಇತ್ತು. ಮಳೆಗಾಲದಲ್ಲಿ ಎರೆ ಹೊಲ ದಾಟಿದರೆ ಮಣ್ಣು ಕಾಲಿನ ಕೆರಕ್ಕೆ ಹಿಡಿದು ಬಿಡುವುದಿಲ್ಲ, ಬದುವಿನಲ್ಲಿ ನಿಂತ ನೀರು ನಾಲ್ಕು ದಿನ ಇಂಗುವುದಿಲ್ಲ. ಅಷ್ಟು ಅಂಟಿನ ಮಣ್ಣು ಹನಿ ನೀರನ್ನಾದರೂ ಕೆಳಗೆ ಬಿಟ್ಟೀತೇ?

ಇದನ್ನೆಲ್ಲ ಆಕೆಗೆ ತಿಳಿಸಿ ಹೇಳಿದೆ.

"ಅದು ಹೊಲಕ್ಕ ಹಾಕೂ ಮಣ್ಣು, ಮಾಸ್ತರ. ತೆಲಿಮ್ಯಾಲ ಹಾಕೂದಲ್ಲ," ಎಂದಳು. "ಈಗ ಬ್ಯಾಸಿಗಿ ಐತಿ. ಒಮ್ಮೆ ಎರಿ ಹೊಲದಾಗ ನಡದು ಬರ್ರಿ. ಕಾಲು ನೋಡಿಕೊಂಡು ನಡೀರಿ."

ಬೇಸಿಗೆಯಲ್ಲಿ ಎರೆ ಹೊಲ ಕಾಲು ಸಿಕ್ಕಿಬೀಳುವಷ್ಟು ಅಗಲ ಬಾಯಿ ಬಿಡುತ್ತದೆ. ಅದನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ. ನೋಡಿದ್ದು ಬೇರೆ, ಮಾಳಿಗೆಯ ಮೇಲೆ ಮಣ್ಣು ಹಾಕುವಾಗ ಅದು ನೆನಪಿಗೆ ಬರುವುದು ಬೇರೆ. ನಾವು ಓದಿದವರು ಕಂಡದ್ದನ್ನು ಅಷ್ಟು ಬೇಗ ನಂಬುವುದಿಲ್ಲ.

ಎರಡು ಚಕ್ಕಡಿ ಎರೆ ಮಣ್ಣು ಬಂತು. ಸಾಲೆಗೆ ಬೇಸಿಗೆ ರಜೆ. ನಾನು ಪಂಚೆ ಕಚ್ಚೆ ಹಾಕಿ ಮಾಳಿಗೆ ಹತ್ತಿದೆ. ನೀಲವ್ವ ಕೆಳಗಿನಿಂದ ಬುಟ್ಟಿ ತುಂಬಿ ಏಣಿಯ ಮೇಲೆ ಹೊತ್ತು ತಂದಳು, ಬಾವಿಯಿಂದ ಕೊಡಗಟ್ಟಲೆ ನೀರು ತಂದಳು, ಕಲಸಿದಳು. ನಾನು ಮೇಲೆ ನಿಂತು ಇಲ್ಲಿ ಹಾಕು, ಅಲ್ಲಿ ಹಾಕು ಎಂದೆ. ದಮ್ಮಸು ಹಿಡಿದು ಬಡಿದದ್ದು ಮಾತ್ರ ನಾನು. ಅಂಗೈಯಲ್ಲಿ ಎರಡು ಬೊಬ್ಬೆ ಬಂದವು, ಅವುಗಳನ್ನು ಬಂದವರಿಗೆಲ್ಲ ತೋರಿಸಿದೆ.

ಆಮೇಲೆ ಇಂಜಿನಿಯರಿಂಗ್. ಹಳೆಯ ಮಾಳಿಗೆ ಹಿತ್ತಲ ಕಡೆ ವಾಲಿತ್ತು. ಇಷ್ಟು ವರ್ಷ ಇಂಥ ಸೊಟ್ಟ ಕೆಲಸ ಯಾರ ಕಣ್ಣಿಗೂ ಬಿದ್ದಿಲ್ಲವಲ್ಲ ಎಂದು ನನಗೆ ಬೇಜಾರಾಯಿತು. ತಾಟಿನಲ್ಲಿ ನೀರಿಟ್ಟು ಮಟ್ಟ ನೋಡಿ, ಫೂಟ್‌ರೂಲ್ ಹಿಡಿದು, ತಗ್ಗಿದ್ದಲ್ಲಿ ಮಣ್ಣು ತುಂಬಿ, ಇಡೀ ಮಾಳಿಗೆಯನ್ನು ಕೇರಂ ಬೋರ್ಡಿನಂತೆ ಸಪಾಟು ಮಾಡಿದೆ. (ಮಾಳಿಗೆ ವಾಲಿದ್ದು ನೀರು ಅಂಚಿನ ದೋಣಿಗೆ ಹರಿದು ಹೊರಗೆ ಬೀಳಲಿ ಎಂದು. ಇದು ನನಗೆ ಈಗ ಗೊತ್ತು.)

ನಾಲ್ಕು ದಿನದ ಬಿಸಿಲಿಗೆ ಸೀಳು ಬಿತ್ತು. ಸಗಣಿ ಬಗ್ಗಡ ಹಾಕಿ ಸಾರಿಸಿದೆ, ಸೀಳು ಕಾಣದಾಯಿತು. ಕಾಣದ್ದು ಇಲ್ಲ ಎಂದೇ ಲೆಕ್ಕ. ಓಣಿಯ ಗಂಡಸರು ಒಬ್ಬೊಬ್ಬರಾಗಿ ಹತ್ತಿ ನೋಡಿ, ಭಾಳ ಛಲೋ ಆಗೇತಿ ಮಾಸ್ತರ ಎಂದರು. ಇಬ್ಬರು ಮುಂದಿನ ವರ್ಷ ತಾವೂ ಸ್ವತಃ ಮಾಡಿಕೊಳ್ಳುವುದಾಗಿ ಹೇಳಿದರು. ಹುಲಿಗೆವ್ವ ಆಡು ಹೊಡೆದುಕೊಂಡು ಹೋಗುವಾಗ ತಲೆ ಎತ್ತಿ ನೋಡಿದಳು, ಆಡನ್ನು ಮುಂದೆ ಹೊಡೆದಳು.

ಕೂಸು ಹುಟ್ಟಿತು. ತಾಯಿ ಮಗು ಸುಖವಾಗಿದ್ದರು. ಅವ್ವ ಕೋಣೆಯಲ್ಲಿ ಅಗ್ಗಿಷ್ಟಿಗೆ ಇಟ್ಟು, ಕೂಸಿಗೆ ಬಜೆ ತೇಯ್ದು, ಗಾಳಿ ಬಾರದಂತೆ ಬಾಗಿಲಿಗೆ ಕಂಬಳಿ ಕಟ್ಟಿದಳು. ಬಾಣಂತಿಯ ಕೋಣೆ ಬೆಚ್ಚಗಿರಬೇಕು, ಥಂಡಿ ಆದರೆ ತಾಯಿಯೂ ಉಳಿಯುವುದಿಲ್ಲ ಕೂಸೂ ಉಳಿಯುವುದಿಲ್ಲ. ಇದು ಬರಿಯ ಮಾತಲ್ಲ. ಅವ್ವ ಹೀಗೆಯೇ ತನ್ನ ಎರಡು ಮಕ್ಕಳನ್ನು ಕಳೆದುಕೊಂಡವಳು.

ಮೂರನೆಯ ದಿನ ಮಧ್ಯಾಹ್ನ ಇಳಿಹೊತ್ತಿಗೆ ಮೋಡ ಕಟ್ಟಿತು. ಮೊದಲ ಹನಿ ಬಿದ್ದಾಗ ನಾನು ಅಂಗಳದಲ್ಲಿ ಹೆಮ್ಮೆಯಿಂದ ನಿಂತಿದ್ದೆ. ಹತ್ತು ನಿಮಿಷಕ್ಕೆ ಮಳೆ ಜಡಿಯಿತು. ಕಾಲು ಗಂಟೆಗೆ ಕೋಣೆಯಿಂದ ಅವ್ವನ ಕೂಗು ಕೇಳಿಸಿತು.

ಒಂದು ಕಡೆ ಸೋರಿದರೆ ಅದು ಸೋರುವುದು. ನನ್ನ ಮಾಳಿಗೆ ಪಕ್ಷಪಾತ ಮಾಡಲಿಲ್ಲ, ಎಲ್ಲ ಕಡೆ ಸೋರಿತು. ಕಪ್ಪು ನೀರು. ಕೊಡ, ಚರಗಿ, ತಾಟು, ಕೊಪ್ಪರಿಗೆ, ಮನೆಯಲ್ಲಿದ್ದ ಪಾತ್ರೆ ಎಲ್ಲ ಕೋಣೆಗೆ ಬಂದವು. ಅಗ್ಗಿಷ್ಟಿಗೆ ಚುಂಯ್ ಎಂದು ಆರಿಹೋಯಿತು. ಕೊಡೆ ಬಂದದ್ದು ಆಗ.

"ಮೊದಲನೇ ಮಳಿ ಅಲ್ಲೇನು, ಮಣ್ಣು ಕೂಡಬೇಕು," ಎಂದು ನಾನು ಕೊಡೆಯ ಕೆಳಗಿನಿಂದ ವಿವರಿಸಿದೆ.

"ಮಣ್ಣು ಕೂಡೂತನಾ ಕೂಸು ಇರಬೇಕಲ್ಲೋ ತಮ್ಮಾ!" ಎಂದು ಅವ್ವ ಅಳತೊಡಗಿದಳು.

ಅಷ್ಟರಲ್ಲಿ ಮೇಲಿನ ತೊಲೆ ಕಟ್ ಎಂದಿತು.

ಅದೇ ಹೊತ್ತಿಗೆ ಯಾರೋ ಪಡಸಾಲೆ ದಾಟಿ ಬಂದು ಬಾಗಿಲ ಕಂಬಳಿ ಕಿತ್ತರು. ಹುಲಿಗೆವ್ವ. ತಲೆಯ ಮೇಲೆ ಗೋಣಿಚೀಲದ ಕೊಪ್ಪೆ, ಕೈಯಲ್ಲಿ ಸಲಿಕೆ.

"ಬಾಣಂತಿನ ಹೊರಗ ತರ್ರಿ ಮೊದ್ಲ! ಎರಿ ನೀರು ಕುಡದ್ರ ಆನಿ ತೂಕ ಆಕ್ಕೈತಿ. ತೊಲಿ ತಡಿಯೂದಿಲ್ಲ."

ಗೌರಿಯನ್ನು ನೀಲವ್ವ ಹಿಡಿದುಕೊಂಡಳು, ಕೂಸನ್ನು ಅವ್ವ ಸೆರಗಿನಲ್ಲಿ ಸುತ್ತಿಕೊಂಡಳು. ಉಳಿದ ಕೋಣೆಗಳ ಮೇಲೂ ನನ್ನದೇ ಕೈಗುಣ. ಪಕ್ಕದ ಮನೆಗೆ ಓಡಿದೆವು. ನಮ್ಮವರೇ, ದಿನಕ್ಕೆ ನಾಲ್ಕು ಸಲ ಬಂದು ಹೋಗುವವರು. ಆ ಮನೆಯ ಹಿರಿಯಾಕೆ ಬಾಗಿಲಿಗೆ ಬಂದು, ಒಳಗೆ ಕರೆಯಲಾರದೆ, ಬಾಗಿಲು ಹಾಕಲಾರದೆ ನಿಂತಳು.

"ಹೆಂಗ ಮಾಡ್ಲಿ ನೀವ ಹೇಳ್ರಿ. ಹಡದು ಮೂರು ದಿನ ಆಗೇತಿ. ಪುರುಡು ಕಳದಿಲ್ಲ. ಒಳಗ ದೇವ್ರು ಅದಾವ."

ಅವ್ವ ಕೂಸನ್ನು ಇನ್ನಷ್ಟು ಬಿಗಿಯಾಗಿ ಸುತ್ತಿಕೊಂಡಳು. ಏನು ಮಾತಾಡಿಯಾಳು? ಆ ಜಾಗದಲ್ಲಿ ತಾನಿದ್ದರೂ ಅದೇ ಮಾತು ಹೇಳುತ್ತಿದ್ದಳು. ಮಡಿಯ ಏಣಿಯಲ್ಲಿ ಮೇಲೊಂದು ಮೆಟ್ಟಿಲು ಯಾವಾಗಲೂ ಇರುತ್ತದೆ, ಅದು ನಮ್ಮ ಗಮನಕ್ಕೆ ಬರುವುದು ಯಾರಾದರೂ ಅಲ್ಲಿ ನಿಂತು ನಮ್ಮನ್ನು ಬೇಡ ಅಂದಾಗ. ಮಳೆ ಸುರಿಯುತ್ತಿತ್ತು. ಕೂಸು ಅಳುವುದನ್ನು ನಿಲ್ಲಿಸಿತ್ತು, ಅದು ಅಳುವುದಕ್ಕಿಂತ ಹೆಚ್ಚು ಹೆದರಿಸಿತು.

ಹುಲಿಗೆವ್ವ ಹಿಂದಿನಿಂದ ಹೇಳಿದಳು. "ಅವ್ವಾರ, ನಮ್ಮನಿ ಒಣಾ ಐತ್ರಿ. ಒಲಿಯಾಗ ಬೆಂಕಿನೂ ಐತಿ. ನಿಮಗ ನಾ ಒಳಗಿದ್ರ ಆಗೂದಿಲ್ಲಂದ್ರ ನಾ ಒಳಗ ಬರೂದಿಲ್ಲ. ನನಗ ಹೆಂಗೂ ನಿಮ್ಮ ಮ್ಯಾಳಗಿಮ್ಯಾಲ ಕೆಲಸ ಐತಿ."

ತನ್ನ ಮನೆಯನ್ನು ನಮಗೆ ಬಿಟ್ಟು ತಾನು ಮಳೆಯಲ್ಲಿ ನಿಲ್ಲುತ್ತೇನೆ ಎಂದಳು. ಅದನ್ನು ಜರಿದು ಹೇಳಲಿಲ್ಲ. ಹೊತ್ತಾಗುತ್ತದೆ, ಬೇಗ ಮುಗಿಸಿರಿ ಎಂಬಂತೆ ಹೇಳಿದಳು. ಅವ್ವ ಓಣಿಯ ಕೊನೆಗೆ ಬಂದು ಒಂದು ಗಳಿಗೆ ಹುಲಿಗೆವ್ವನ ಹೊಸ್ತಿಲ ಮುಂದೆ ನಿಂತಳು, ಕೂಸಿನ ಮುಖ ನೋಡಿದಳು, ದಾಟಿದಳು.

ಮುಂದೆ ನಡೆದದ್ದನ್ನು ಪ್ರಾಮಾಣಿಕವಾಗಿ ಬರೆಯುತ್ತೇನೆ. ಹುಲಿಗೆವ್ವ ನಮ್ಮ ಮಾಳಿಗೆ ಹತ್ತಿ, ಆ ಜಡಿಮಳೆಯಲ್ಲಿ, ನಾನು ಮೂರು ದಿನ ಹಾಕಿಸಿದ ಎರೆ ಮಣ್ಣನ್ನು ಕತ್ತಲಾಗುವುದರೊಳಗೆ ಸಲಿಕೆಯಿಂದ ಗೋರಿ ಹಿತ್ತಲಿಗೆ ಎಸೆದಳು. ಸ್ವಾವಲಂಬಿಯಾದ ನಾನು ಏನು ಮಾಡಿದೆ? ಏಣಿ ಹಿಡಿದುಕೊಂಡೆ. ತೊಲೆ ಉಳಿಯಿತು. ತೊಲೆಯ ಕೆಳಗಿನ ಹೊರಸು ಕಪ್ಪು ರಾಡಿಯಲ್ಲಿ ಮುಚ್ಚಿಹೋಗಿತ್ತು.

ಮಾಳಿಗೆ ಒಣಗಿ, ಹಳ್ಳದ ದಂಡೆಯಿಂದ ಸವಳು ಬಂದು, ಹುಲಿಗೆವ್ವ ಅದನ್ನು ಹಿತ್ತಲಿಗೆ ವಾಲಿಸಿ ಹಾಕಿ ಬಡಿಯುವವರೆಗೆ ನಾಲ್ಕು ದಿನ ಬೇಕಾಯಿತು. ಆ ನಾಲ್ಕೂ ದಿನ ಗೌರಿ, ಕೂಸು, ಅವ್ವ ಆಕೆಯ ಮನೆಯಲ್ಲಿ. ಹುಲಿಗೆವ್ವ ಆಡಿನ ಚಪ್ಪರದಲ್ಲಿ.

ಆ ನಡುವೆ ಐದನೆಯ ದಿನ ಬಂತು. ನಮ್ಮ ಕಡೆ ಕೂಸು ಹುಟ್ಟಿದ ಐದನೆಯ ದಿನ ಸೆಟವಿತಾಯಿ ಬಂದು ಅದರ ಹಣೆಯ ಮೇಲೆ ಇಡೀ ಆಯುಷ್ಯದ ಬರಹ ಬರೆದು ಹೋಗುತ್ತಾಳೆ ಎಂದು ನಂಬಿಕೆ. ಕೂಸು ಇದ್ದ ಮನೆಯಲ್ಲೇ ಆಕೆಗೆ ಪೂಜೆ ಇಡಬೇಕು, ಮುಂದೂಡುವಂತಿಲ್ಲ. ಅವ್ವ ಬೆಳಗಿನಿಂದ ಚಡಪಡಿಸಿದಳು. ಕೊನೆಗೆ ಸಂಜೆ ಅದೇ ಮನೆಯ ಮೂಲೆಯಲ್ಲಿ ಕಲ್ಲಿಟ್ಟು, ಅರಿಶಿನ ಕುಂಕುಮ ಏರಿಸಿ, ದೀಪ ಹಚ್ಚಿದಳು. ತಾಯಿ ಬರೆಯಲೆಂದು ಖಾಲಿ ಕಾಗದವನ್ನೂ ಲೆಕ್ಕಣಿಕೆಯನ್ನೂ ಕೊಟ್ಟವನು ನಾನು. ಅರಿಶಿನ ಸಾಲದಾದಾಗ ಹುಲಿಗೆವ್ವ ಬಾಗಿಲಿನಿಂದಲೇ ತನ್ನ ಗಡಿಗೆಯತ್ತ ಕೈ ತೋರಿಸಿದಳು. ಅವ್ವ ತೆಗೆದುಕೊಂಡಳು. ನಾನು ಇದನ್ನೆಲ್ಲ ನೋಡಿ, ಒಳಗೊಳಗೇ ಹಿಗ್ಗಿದೆ. ಎರೆ ಮಣ್ಣಿನಿಂದ ಮಾಳಿಗೆ ಕೆಟ್ಟರೂ ಸಮಾಜ ಸುಧಾರಿಸಿತು ಎಂದು ಒಂದು ಅಂಕಣದ ಮೊದಲ ಸಾಲೂ ಹೊಳೆದಿತ್ತು.

ಅದನ್ನು ಬರೆಯುವ ಪ್ರಸಂಗ ಬರಲಿಲ್ಲ.

ಏಳನೆಯ ದಿನ ಮನೆಗೆ ಬಂದೆವು. ಅವ್ವ ಗೌರಿಯನ್ನು ಅಂಗಳದಲ್ಲೇ ನಿಲ್ಲಿಸಿದಳು. ತಂಬಿಗೆಯಲ್ಲಿ ಗೋಮೂತ್ರ ತಂದು ಅವಳ ಮೇಲೆ ಚಿಮುಕಿಸಿದಳು, ಕೂಸಿನ ಮೇಲೆ ಚಿಮುಕಿಸಿದಳು. ಉಟ್ಟದ್ದು, ಹೊದ್ದದ್ದು, ಕೂಸಿನ ಕುಲಾಯಿ, ಎಲ್ಲವನ್ನೂ ಕೊಪ್ಪರಿಗೆಯ ಬಿಸಿನೀರಿಗೆ ಹಾಕಿದಳು. ಅವ್ವ ಕೆಟ್ಟವಳಲ್ಲ. ಆ ನಾಲ್ಕು ದಿನದಲ್ಲಿ ಹತ್ತು ಸಲ, ಹುಲಿಗೆವ್ವ ಹಡೆದ ತಾಯಿಯ ಹಾಗೆ ನೋಡಿಕೊಂಡಳು ಎಂದು ಕಣ್ಣೀರು ತೆಗೆದವಳು. ಈಗ ತೊಳೆಯುತ್ತಿದ್ದಾಳೆ. ಎರಡೂ ಖರೇ.

ನೀಲವ್ವ ನನ್ನ ಮುಖ ನೋಡಿದಳು. ಸಮಾನತೆಯ ಮೇಲೆ ನಾನು ಈ ಪತ್ರಿಕೆಯಲ್ಲಿ ಎಷ್ಟು ಸಲ ಬರೆದಿದ್ದೇನೆ ಎಂದು ಅವಳಿಗೆ ಗೊತ್ತು, ಮಸಿ ಕಲಸಿಕೊಟ್ಟವಳು ಅವಳು. ನನ್ನ ಬಾಯಿ ತೆರೆಯಿತು. ಅವ್ವ ತಿರುಗಿ ನೋಡಿದಳು. ತೆರೆದ ಬಾಯಿಯಿಂದ ಒಂದು ಆಕಳಿಕೆ ತೆಗೆದು ಮುಚ್ಚಿಕೊಂಡೆ. ನನಗೆ ನಾಚಿಕೆಯಾಯಿತು. ಈಗಲೂ ಆಗುತ್ತಿದೆ. ಅದಕ್ಕೇ ಬರೆಯುತ್ತಿದ್ದೇನೆ, ಯಾಕೆಂದರೆ ಬರೆಯುವುದು ಆಗಲೂ ಈಗಲೂ ನನಗೆ ಸುಲಭದ ಕೆಲಸ.

ಆಗ ಹಿತ್ತಲ ಏಣಿಯಿಂದ ಹುಲಿಗೆವ್ವ ಇಳಿದು ಬಂದಳು. ಮಾಳಿಗೆಯ ಕೊನೆಯ ಮೂಲೆ ಬಡಿದು ಮುಗಿಸಿದ್ದಳು. ಅಂಗಳದಲ್ಲಿ ನಡೆಯುತ್ತಿರುವುದು ಮೇಲಿನಿಂದ ಪೂರಾ ಕಂಡಿತ್ತು. ಕೊಪ್ಪರಿಗೆ ನೋಡಿದಳು, ಅವ್ವನ ಕೈಯ ತಂಬಿಗೆ ನೋಡಿದಳು, ಕೂಸಿನ ಒದ್ದೆ ಹಣೆ ನೋಡಿದಳು. ಸಿಟ್ಟಿನಿಂದಲ್ಲ, ಖರೇನೇ ತಿಳಿದುಕೊಳ್ಳುವವಳ ಹಾಗೆ ಕೇಳಿದಳು.

"ಅವ್ವಾರ, ಸೆಟವಿತಾಯಿ ನಮ್ಮನ್ಯಾಗ ಬಂದು ಬರದು ಹೋಗ್ಯಾಳಲ್ಲ, ಅದನ್ನ ಯಾವುದ್ರಲೆ ತೊಳಿತೀರಿ?"